ಎಡೆದೊರೆ ನಾಡಿನ ಅಂಚಿನಲ್ಲಿ ಮೆಥಡಿಸ್ಟರು



ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿನ ಚರಿತ್ರೆ ಎಂದ ಕೂಡಲೇ ಮುದಗಲ್ಲಿನ ಕೋಟೆ, 1520ರ ರಾಯಚೂರು ಕದನ, ಮಸ್ಕಿಯ ಅಶೋಕನ ಶಾಸನ, ಹಟ್ಟಿಯ ಚಿನ್ನ ನೆನಪಿಗೆ ಬರುತ್ತವೆ. ಆಮೇಲೆ ತುಂಗಭದ್ರೆಯ ಎಡದಂಡೆ ಕಾಲುವೆ. ಊರ ಹೊರಗಿನ ಕೇರಿಯಲ್ಲಿ ಒಬ್ಬ ಉಪದೇಶಿ ಲಾಟೀನು ಹಚ್ಚಿಕೊಂಡು ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ್ದು ಈ ಸಾಲಿನಲ್ಲಿ ಸೇರುವುದಿಲ್ಲ. ಅದೂ ಈ ನೆಲದ ಚರಿತ್ರೆಯೇ. ಇವತ್ತು ಅದನ್ನು ಕುರಿತು ಮಾತನಾಡಬೇಕೆಂದಿದ್ದೇನೆ: ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕನ್ನಡ ನಾಡಿನ ಅಂಚಿನ ಸೀಮೆಗಳಿಗೆ ಹೇಗೆ ಬಂತು, ಎಲ್ಲಿ ಮೊದಲು ಠಾಣೆ ಹಾಕಿತು, ಈ ದೋಆಬಿನಲ್ಲಿ, ಅಂದರೆ ಎಡೆದೊರೆಯಲ್ಲಿ, ಯಾವ ದಾರಿ ಹಿಡಿಯಿತು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ಒಬ್ಬ ಪಾದ್ರಿ ಕುದುರೆ ಏರಿ ಬಂದ, ಬೋಧಿಸಿದ, ಜನ ಸೇರಿದರು ಎಂಬ ಕಥೆಯನ್ನು ಮಿಷನ್ನಿನ ವರದಿಗಳೂ ಹೇಳುತ್ತವೆ, ಮಿಷನ್ನನ್ನು ವಿರೋಧಿಸುವವರೂ ಹೇಳುತ್ತಾರೆ. ಇಬ್ಬರೂ ಪಾದ್ರಿಯನ್ನೇ ನಡುವೆ ನಿಲ್ಲಿಸುತ್ತಾರೆ. ದೋಆಬಿನ ಮಟ್ಟಿಗೆ ಅದು ಸರಿಯಲ್ಲ. ಇಲ್ಲಿ ಜಾಗ ತೋರಿಸಿದ್ದು ಛಾವಣಿ, ರೈಲು ಮತ್ತು ಬರ. ಆ ಜಾಗದಿಂದ ಕೇರಿಗೆ ಇಳಿದು ಸಭೆ ಕಟ್ಟಿದವರು ಕನ್ನಡ ಮಾತಾಡುವ, ಹೆಚ್ಚಿನವರು ಕೇರಿಯಲ್ಲೇ ಹುಟ್ಟಿದ, ಹೆಸರು ದಾಖಲಾಗದ ಉಪದೇಶಿಗಳು ಮತ್ತು ಬೈಬಲ್ ಸ್ತ್ರೀಯರು.

1850ರ ಹೊತ್ತಿನ ಭೂಪಟವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ತುಂಗಭದ್ರೆಯ ಆಚೆ ಬಳ್ಳಾರಿ. ಅಲ್ಲಿಗೆ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದಿದ್ದ. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಮೊದಲು ಗಟ್ಟಿಯಾಗಿ ನಡೆದದ್ದು ಅಲ್ಲಿ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಹೊರತಂದ. ಕಿಟ್ಟೆಲ್ಲರ ನಿಘಂಟು ಬರುವುದಕ್ಕೆ ಅರವತ್ತು ವರ್ಷ ಮೊದಲಿನ ಮಾತಿದು. ವಾಯವ್ಯಕ್ಕೆ ಬೆಳಗಾವಿ, ಅಲ್ಲಿ 1820ರಿಂದ ಅದೇ ಸೊಸೈಟಿಯ ಜೋಸೆಫ್ ಟೇಲರ್. ಪಶ್ಚಿಮಕ್ಕೆ ಬಾಸೆಲ್ ಮಿಷನ್: 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ. ದಕ್ಷಿಣಕ್ಕೆ ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಮೂರು ದಿಕ್ಕಿನಲ್ಲೂ ಪ್ರೊಟೆಸ್ಟೆಂಟ್ ಠಾಣೆಗಳಿವೆ. ನಡುವಿನ ಸಿಂಧನೂರು, ಮಸ್ಕಿ, ಕುಷ್ಟಗಿ, ಲಿಂಗಸುಗೂರಿನ ಪಟ್ಟಿಯಲ್ಲಿ ಒಂದೂ ಇಲ್ಲ.

ಕ್ರೈಸ್ತರೇ ಇರಲಿಲ್ಲ ಎಂದಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ರೋಮನ್ ಕ್ಯಾಥೊಲಿಕರು ಇದ್ದಾರೆ. ಗೋವೆಯಿಂದ ಬಂದ ಪಾದ್ರಿಗಳು ಕಟ್ಟಿದ ಆ ಸಭೆ ಈ ಭಾಗದ ಅತಿ ಹಳೆಯ ಕ್ರೈಸ್ತ ಸಮುದಾಯ. ಬಿಜಾಪುರದ ಸುಲ್ತಾನರ ರಾಜ್ಯದಲ್ಲಿ, ಲಿಂಗಾಯತ ಮತ್ತು ಬೇಡ ಸಮುದಾಯಗಳ ನಡುವೆ, ಒಂದು ಕೋಟೆ ಊರಿನಲ್ಲಿ ಅದು ತಲೆಮಾರುಗಳ ಕಾಲ ಉಳಿದು ಬಂದಿದೆ. ಬೇರೆ ಧರ್ಮದವರು ಪಕ್ಕದ ಬೀದಿಯಲ್ಲಿ ಬಾಳುವುದು ದೋಆಬಿಗೆ ಹೊಸದಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಿದ್ದರೆ ಪ್ರೊಟೆಸ್ಟೆಂಟ್ ಮಿಷನ್ನುಗಳು ನದಿ ದಾಟಲಿಲ್ಲವೇಕೆ? ಕಾರಣ ಆಡಳಿತದ್ದು. ನದಿಯ ಆಚೆ ಕಂಪನಿ ಸರ್ಕಾರ, ಈಚೆ ನಿಜಾಮರದು. ಕಂಪನಿಯ ಜಿಲ್ಲೆಯಲ್ಲಿ ಕಲೆಕ್ಟರನ ನೆರವು, ಅಂಚೆ, ರಸ್ತೆ, ಆಸ್ತಿ ಕೊಳ್ಳುವ ಅನುಕೂಲ ಇದ್ದವು. ನಿಜಾಮರ ಸೀಮೆಯಲ್ಲಿ ಬಿಳಿಯರಿಗೆ ನೆಲೆಯೆಂದರೆ ಬ್ರಿಟಿಷ್ ರೆಸಿಡೆಂಟನ ಅಧಿಕಾರ ನಡೆಯುವ ಛಾವಣಿಗಳು ಮಾತ್ರ. ಅಂಥ ಒಂದು ಛಾವಣಿ ಲಿಂಗಸುಗೂರು. ಹೈದರಾಬಾದ್ ಕಾಂಟಿಂಜೆಂಟ್ ಎಂಬ ಪಡೆಯ ತುಕಡಿ ಅಲ್ಲಿತ್ತು. ಆ ಪಡೆಯ ಖರ್ಚಿನ ಬಾಕಿಗಾಗಿ ನಿಜಾಮರು 1853ರಲ್ಲಿ ಬೇರಾರ್ ಮತ್ತು ನಳದುರ್ಗದ ಜೊತೆಗೆ ನಮ್ಮ ದೋಆಬನ್ನೂ ಬ್ರಿಟಿಷರ ವಶಕ್ಕೆ ಕೊಟ್ಟರು. 1860ರಲ್ಲಿ ಅದು ಮರಳಿ ನಿಜಾಮರಿಗೆ ಸೇರಿತು. ಈ ಏಳು ವರ್ಷಗಳ ನಡುವೆಯೇ, 1858ರ ಫೆಬ್ರವರಿಯಲ್ಲಿ, ಸುರಪುರದ ವೆಂಕಟಪ್ಪ ನಾಯಕನ ಮೇಲೆ ಲಿಂಗಸುಗೂರಿನಿಂದ ಪಡೆ ಹೊರಟಿತು. ಆ ಅರಸನ ಬಾಲ್ಯವನ್ನು ಕಂಡಿದ್ದ ಮೆಡೋಸ್ ಟೇಲರನ ಆತ್ಮಕಥೆ ಓದಿದವರಿಗೆ ಆ ದುಃಖದ ಪ್ರಸಂಗ ಗೊತ್ತಿದೆ. (ಬೆಳಗಾವಿಯ ಜೋಸೆಫ್ ಟೇಲರ್, ಸುರಪುರದ ಮೆಡೋಸ್ ಟೇಲರ್, ಮುಂದೆ ಬರಲಿರುವ ವಿಲಿಯಂ ಟೇಲರ್ ಮೂವರೂ ಬೇರೆ ಬೇರೆಯವರು. ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬಾರದು.)

ಲಿಂಗಸುಗೂರಿಗೆ ಈಗ ತಾಲ್ಲೂಕು ಕೇಂದ್ರದ ಸ್ಥಾನವಿದೆ. 1905ರವರೆಗೆ ಅದು ಜಿಲ್ಲೆಯಾಗಿತ್ತು ಎಂಬುದು ಇಲ್ಲಿ ಕುಳಿತವರಲ್ಲೂ ಎಷ್ಟೋ ಜನರಿಗೆ ಹೊಸ ಸಂಗತಿಯಾಗಿರಬಹುದು. ಸಿಂಧನೂರು, ಗಂಗಾವತಿ, ಕುಷ್ಟಗಿ, ಸುರಪುರ, ಶಹಾಪುರ ಎಲ್ಲವೂ ಆ ಜಿಲ್ಲೆಯೊಳಗೆ ಇದ್ದವು. 1905ರಲ್ಲಿ ಅದನ್ನು ಒಡೆದು ಒಂದಷ್ಟನ್ನು ರಾಯಚೂರಿಗೆ, ಸುರಪುರ–ಶಹಾಪುರಗಳನ್ನು ಕಲಬುರಗಿಗೆ ಸೇರಿಸಿದರು. ಅದಕ್ಕೆ ಎರಡು ವರ್ಷ ಮೊದಲು ಕಾಂಟಿಂಜೆಂಟ್ ಪಡೆಯೂ ಭಾರತದ ಸೇನೆಯಲ್ಲಿ ಕರಗಿತ್ತು. ಛಾವಣಿ ಮತ್ತು ಜಿಲ್ಲಾ ಕಚೇರಿ ಎರಡೂ ಹೋದ ಮೇಲೆ ಲಿಂಗಸುಗೂರು ಚರಿತ್ರೆಕಾರರ ಕಣ್ಣಿನಿಂದಲೂ ಜಾರಿತು. ಇಲ್ಲಿನ ಮಿಷನ್ನಿನ ಕಥೆ ಬರೆಯುವವರು ರಾಯಚೂರಿನಿಂದ ಶುರು ಮಾಡಿ ಕಲಬುರಗಿಗೆ ಜಿಗಿಯುತ್ತಾರೆ. ನಡುವೆ ಒಂದು ಜಿಲ್ಲೆಯೇ ಇತ್ತೆಂಬುದನ್ನು ಮರೆಯುತ್ತಾರೆ.

ದೋಆಬಿನ ಕಥೆ ಮುಂದುವರಿಸುವ ಮೊದಲು ನಿಮ್ಮನ್ನು ಗುಬ್ಬಿಗೆ ಕರೆದೊಯ್ಯಬೇಕು. ಕನ್ನಡಿಗರ ನಡುವೆ ಮೆಥಡಿಸ್ಟರ ಮೊದಲ ಹಳ್ಳಿಗಾಡಿನ ಠಾಣೆ ತುಮಕೂರು ಜಿಲ್ಲೆಯ ಆ ಗುಬ್ಬಿ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ ಆ ಹೆಸರು ನಮಗೆ ಪರಿಚಿತ. ಆ ಕಂಪನಿಗೂ ಸುಮಾರು ಅರ್ಧ ಶತಮಾನ ಹಿಂದೆ, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದ್ರಿ ಅಲ್ಲಿ ಬಂದು ನಿಂತ. ವೆಸ್ಲಿಯನ್ನರು ಬೆಂಗಳೂರಿಗೆ 1821ರಲ್ಲೇ ಬಂದಿದ್ದರು. ಆದರೆ ಅವರ ಕೆಲಸ ದಂಡಿನ ತಮಿಳರು ಮತ್ತು ಇಂಗ್ಲಿಷರ ನಡುವೆ ಉಳಿದಿತ್ತು. ಕನ್ನಡ ಕಲಿತು ಕನ್ನಡಿಗರ ನಡುವೆ ಬದುಕಬೇಕಾದರೆ ದಂಡನ್ನು ಬಿಟ್ಟು ಹೊರಡಬೇಕು ಎಂದು ಹಾಡ್ಸನ್ ಕಂಡುಕೊಂಡ. ಗುಬ್ಬಿ ಅಡಕೆಯ ಪೇಟೆ. ಸುತ್ತಲ ಹತ್ತಾರು ಹಳ್ಳಿಯವರು ಸಂತೆಗೆ, ಚನ್ನಬಸವೇಶ್ವರ ಜಾತ್ರೆಗೆ ಬರುವ ಊರು. ಸಂತೆಯಲ್ಲಿ ನಿಂತು ಮಾತನಾಡಿದರೆ ಆ ಮಾತು ಸಂಜೆಗೆ ಹತ್ತಾರು ಹಳ್ಳಿ ತಲುಪುತ್ತದೆ.

1839ರಲ್ಲಿ ಅಲ್ಲಿಗೆ ಬಂದವನು ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ. ವಯಸ್ಸು ಇಪ್ಪತ್ತು. ಹಗಲೆಲ್ಲ ಕನ್ನಡ ಓದುತ್ತ, ಹಳ್ಳಿ ತಿರುಗುತ್ತ ಕಣ್ಣು ಕೆಡಿಸಿಕೊಂಡ. 1841ರಲ್ಲಿ ಮರಳಬೇಕಾಯಿತು. ಆದರೆ 1847ರಲ್ಲಿ ಅವನು ಪ್ರಕಟಿಸಿದ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಕನ್ನಡ ಹಳ್ಳಿಯ ಬದುಕನ್ನು ಒಳಗಿನಿಂದ ತೋರಿಸುವ ಅಪರೂಪದ ದಾಖಲೆ. ಅದರಲ್ಲಿ ಮಿಷನರಿಯ ಪೂರ್ವಗ್ರಹಗಳಿವೆ. ನಮ್ಮ ದೇವರುಗಳ ಬಗ್ಗೆ ಒರಟು ಮಾತುಗಳಿವೆ. ಆದರೂ ಇವನು ಜನರೊಡನೆ ವಾದಿಸಿದ್ದಾನೆ, ಸೋತದ್ದನ್ನೂ ಬರೆದಿದ್ದಾನೆ. ಇತಿಹಾಸದ ವಿದ್ಯಾರ್ಥಿಗಳು ಆ ಪುಸ್ತಕವನ್ನು ಎಚ್ಚರದಿಂದ, ಆದರೆ ಖಂಡಿತ ಓದಬೇಕು. ಇವತ್ತು ಗುಬ್ಬಿಯ ಸಿಎಸ್‌ಐ ಚರ್ಚಿಗೆ ಅವನದೇ ಹೆಸರಿದೆ.

ಹಾಡ್ಸನ್ ಮಾತ್ರ ದಶಕಗಳ ಕಾಲ ಉಳಿದ. 1859ರಲ್ಲಿ ಕನ್ನಡದ ಪ್ರಾಥಮಿಕ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದ. ಮುಪ್ಪಿನಲ್ಲಿ ಅವನು ಬರೆದ ಪುಸ್ತಕ ‘ಓಲ್ಡ್ ಡ್ಯಾನಿಯೆಲ್’. ಗುಬ್ಬಿ ಸೀಮೆಯ ಹಳ್ಳಿಗನೊಬ್ಬ ಕ್ರೈಸ್ತನಾಗಿ ಸಭೆಗೆ ಆಧಾರವಾದ ಕಥೆ ಅದು. ನಲವತ್ತು ವರ್ಷದ ಕೆಲಸವನ್ನು ನೆನೆಯುವಾಗ ಆ ಪಾದ್ರಿ ತನ್ನ ಬಗ್ಗೆ ಬರೆದುಕೊಳ್ಳದೆ ಒಬ್ಬ ಕನ್ನಡ ಮುದುಕನ ಬಗ್ಗೆ ಬರೆದ. ಅವನಿಗೆ ಗೊತ್ತಿತ್ತು, ಗುಬ್ಬಿಯಲ್ಲಿ ಯಾರು ಕೆಲಸ ಮಾಡಿದರೆಂದು.

ಈಗ ದೋಆಬಿಗೆ ಬರೋಣ. ಇಲ್ಲಿಗೆ ಬಂದ ಮೆಥಡಿಸ್ಟರು ಗುಬ್ಬಿಗೆ ಬಂದ ಇಂಗ್ಲೆಂಡಿನವರಲ್ಲ, ಅಮೆರಿಕದವರು. ಜಾನ್ ವೆಸ್ಲಿಯೇ ಇಬ್ಬರಿಗೂ ಮೂಲಪುರುಷ. ಆದರೆ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು 1784ರಲ್ಲಿ ಬೇರೆಯಾಗಿ ನಿಂತಿತು. ಪೂರ್ವ ತೀರದಿಂದ ಜನ ಪಶ್ಚಿಮದ ಕಾಡಿಗೆ, ಬಯಲಿಗೆ ವಲಸೆ ಹೋಗುತ್ತಿದ್ದಂತೆ ಅವರ ಹಿಂದೆಯೇ ಹೋದದ್ದು ಆ ಚರ್ಚು. ಕಾಲೇಜಿನಲ್ಲಿ ಓದಿದ ಪಾದ್ರಿಗಾಗಿ ಅವರು ಕಾಯಲಿಲ್ಲ. ಒಬ್ಬ ಕಮ್ಮಾರನಿಗೋ ರೈತನಿಗೋ ಮಾತು ಬಂದರೆ, ನಡತೆ ಸರಿಯಿದ್ದರೆ, ಸ್ಥಳೀಯ ಬೋಧಕನೆಂದು ಅವನಿಗೇ ಪರವಾನಗಿ ಕೊಡುತ್ತಿದ್ದರು. ಇಪ್ಪತ್ತು–ಮೂವತ್ತು ನೆಲೆಗಳನ್ನು ಸೇರಿಸಿ ಒಂದು ಸರ್ಕೀಟು. ಅದನ್ನು ಕುದುರೆಯ ಮೇಲೆ ಸುತ್ತುವ ಪಾದ್ರಿ. ಅವನು ತಿಂಗಳಿಗೊಮ್ಮೆ ಬಂದರೆ ಉಳಿದ ದಿನಗಳಲ್ಲಿ ಹನ್ನೆರಡು ಜನರ ಸಣ್ಣ ಕೂಟಗಳು ತಾವೇ ಸೇರಿ ಪ್ರಾರ್ಥಿಸುತ್ತಿದ್ದವು. ಹೊಸಬರನ್ನು ಆರು ತಿಂಗಳು ಪರೀಕ್ಷೆಯಲ್ಲಿಟ್ಟು ಆಮೇಲೆ ಪೂರ್ಣ ಸದಸ್ಯರನ್ನಾಗಿ ಮಾಡುತ್ತಿದ್ದರು. ಈ ಏರ್ಪಾಟನ್ನು ನೆನಪಿನಲ್ಲಿಡಿ. ದೋಆಬಿನ ಹಳ್ಳಿಗಳಲ್ಲಿ ಇದೇ ಏರ್ಪಾಟು ಕೆಲಸಕ್ಕೆ ಬಂತು.

ಈ ಗಡಿನಾಡಿನ ಮೆಥಡಿಸಂನ ಮೂರ್ತರೂಪ ವಿಲಿಯಂ ಟೇಲರ್. ವರ್ಜೀನಿಯಾದಲ್ಲಿ 1821ರಲ್ಲಿ ಹುಟ್ಟಿದವನು. 1849ರಲ್ಲಿ ಚಿನ್ನದ ಆಸೆಗೆ ಜಗತ್ತೇ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದಾಗ ಸ್ಯಾನ್ ಫ್ರಾನ್ಸಿಸ್ಕೋದ ಚೌಕದಲ್ಲಿ, ಜೂಜಿನ ಅಡ್ಡೆಗಳ ಎದುರು ನಿಂತು ಗಟ್ಟಿ ದನಿಯಲ್ಲಿ ಹಾಡಿ, ಜನ ಸೇರಿಸಿ, ಬೋಧಿಸಿದ. ಏಳು ವರ್ಷ ಅದೇ ಕೆಲಸ. ಆಮೇಲೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. 1870ರ ನವೆಂಬರಿನಲ್ಲಿ ಭಾರತಕ್ಕೆ ಬಂದ. ಅಲ್ಲಿಯವರೆಗೆ ಅಮೆರಿಕನ್ ಮೆಥಡಿಸ್ಟರು ಗಂಗೆ ಮತ್ತು ಹಿಮಾಲಯಗಳ ನಡುವೆ, ಲಖನೌ–ಬರೇಲಿಗಳ ಸುತ್ತ ಮಾತ್ರ ಇದ್ದರು. ಬೇರೆ ಮಿಷನ್ನುಗಳ ಸೀಮೆಗೆ ಕಾಲಿಡಬಾರದೆಂಬ ಒಪ್ಪಂದ ಅವರದು. ಟೇಲರ್ ಆ ಗೆರೆಯನ್ನು ಲೆಕ್ಕಿಸಲಿಲ್ಲ. 1872ರಲ್ಲಿ ಮುಂಬಯಿ, 1873ರಲ್ಲಿ ಕಲ್ಕತ್ತ, 1874ರಲ್ಲಿ ಮದ್ರಾಸು ಮತ್ತು ಬೆಂಗಳೂರು ಹೀಗೆ ಒಂದಾದ ಮೇಲೊಂದು ಸಭೆ ಕಟ್ಟಿದ. 1876ರಲ್ಲಿ ಇವೆಲ್ಲ ಸೇರಿ ಸೌತ್ ಇಂಡಿಯಾ ಕಾನ್ಫರೆನ್ಸ್ ಆಯಿತು.

ಅವನ ಸಭೆಗಳು ಹಬ್ಬಿದ ಊರುಗಳನ್ನು ರೈಲ್ವೆ ನಕ್ಷೆಯ ಮೇಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮುಂಬಯಿಯಿಂದ ಬಂದ ಜಿಐಪಿ ರೈಲು ಮತ್ತು ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಗಾರ್ಡು, ಡ್ರೈವರು, ಸ್ಟೇಷನ್ ಮಾಸ್ತರು, ತಂತಿ ಕಚೇರಿಯವರು: ಈ ಇಂಗ್ಲಿಷ್ ಮಾತಾಡುವ, ಬಹುಪಾಲು ಆಂಗ್ಲೋ–ಇಂಡಿಯನ್ ಕುಟುಂಬಗಳೇ ಟೇಲರನ ಸಭೆಗಳ ಬೆನ್ನೆಲುಬು. ಅಮೆರಿಕದಿಂದ ಸಂಬಳ ತರಿಸಬಾರದು, ಸಭೆಯೇ ತನ್ನ ಪಾದ್ರಿಯನ್ನು ಸಾಕಬೇಕು ಎಂಬುದು ಅವನ ಹಟ. ಸಂಬಳದಾರರು ಇರುವ ಜಂಕ್ಷನ್ ಊರಿನಲ್ಲಿ ಅದು ನಡೆದೀತು. ಲಿಂಗಸುಗೂರಿನ ಕೇರಿಯಲ್ಲಿ, ಜೀತ ಮಾಡಿ ಆಯದ ಜೋಳ ಪಡೆಯುವವರ ನಡುವೆ ಅದು ನಡೆಯದು. ಟೇಲರನ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಬಡವರ ಭಾರತ ಅವನ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. 1875ರಲ್ಲಿ ಅವನು ಹೊರಟುಹೋದ. ಅವನ ನಂತರದವರು ಕ್ರಮೇಣ ಆ ಹಟವನ್ನು ಬಿಟ್ಟು, ಅಮೆರಿಕದ ಸೊಸೈಟಿಯ ಹಣ ಪಡೆದು, ಕನ್ನಡ, ತೆಲುಗು, ಮರಾಠಿಗಳನ್ನು ಕಲಿತು ಹಳ್ಳಿಯ ಕಡೆ ತಿರುಗಿದರು.

ಹಾಗೆ ತಿರುಗಿಸಿದ್ದು ಬರ. 1876–78ರ ಧಾತು ಈಶ್ವರ ಬರವನ್ನು ನಮ್ಮ ಹಿರಿಯರು ಲಾವಣಿ ಕಟ್ಟಿ ನೆನೆಯುತ್ತಿದ್ದರು. ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳು ಬಸವಳಿದವು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಅಳಿದರೆಂಬ ಅಂದಾಜಿದೆ. ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಬರದ ಅನಾಥರನ್ನು ಸೇರಿಸಿ ಆಶ್ರಮ ನಡೆಸಿದಳು. 1890ರಲ್ಲಿ ಅದು ಅಮೆರಿಕನ್ ಮೆಥಡಿಸ್ಟರ ಕೈಗೆ ಬಂತು; 1910ರಲ್ಲಿ ಅಲ್ಲಿ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ ಎದ್ದಿತು. ಇತ್ತ ನಿಜಾಮರ ಕನ್ನಡ ಜಿಲ್ಲೆಗಳಲ್ಲಿ ರಾಯಚೂರು, ಕಲಬುರಗಿ, ಬೀದರ್, ಯಾದಗಿರಿ ಅವರ ಕೇಂದ್ರಗಳಾದವು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿಯನ್ನೂ ಅವರಿಗೇ ಬಿಟ್ಟುಕೊಟ್ಟಿತು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಹೆರಿಗೆಗೆ, ಆಪರೇಷನ್ನಿಗೆ ಹೋಗಿಬಂದ ಎಷ್ಟೋ ಮನೆಗಳಿಗೆ ಪರಿಚಿತ. ಆ ಹೆಸರು ಬಂದದ್ದು ಅಮೆರಿಕದ ಟೆನೆಸಿ ಕಡೆಯ ಒಂದು ಕಾನ್ಫರೆನ್ಸಿನಿಂದ. ಅಲ್ಲಿನ ಸಭೆಗಳು ಕೊಟ್ಟ ಹಣ ಇಲ್ಲಿನ ಹೆಂಗಸರ ಜೀವ ಉಳಿಸಿತು. ಈ ಋಣವನ್ನು ಒಪ್ಪಿಕೊಳ್ಳಲು ಯಾರಿಗೂ ಸಂಕೋಚ ಬೇಡ.

ಈ ಕೇಂದ್ರಗಳ ನಡುವಿನ ನೆಲವೇ ನಮ್ಮದು. ಪಾದ್ರಿಯ ಬಂಗಲೆ ರೈಲಿರುವ ಊರಿನಲ್ಲಿ, ಕೆಲಸ ರೈಲಿಲ್ಲದ ಊರಿನಲ್ಲಿ. ಸಿಂಧನೂರಿಗೆ, ಮಸ್ಕಿಗೆ, ಲಿಂಗಸುಗೂರಿಗೆ ಎತ್ತಿನ ಗಾಡಿಯೇ ಗತಿ. ಎರೆ ಭೂಮಿ; ಮಳೆಗಾಲ ಹಿಡಿದರೆ ಗಾಡಿಯೂ ನಡೆಯದು. ಆದ್ದರಿಂದ ಪಾದ್ರಿ ಚಳಿಗಾಲದಲ್ಲಿ ಡೇರೆ ಹೊತ್ತು ಒಂದು ಸುತ್ತು ಹಾಕಿ ಹೋಗುತ್ತಿದ್ದ. ಉಳಿದ ದಿನ ಇದ್ದವನು ಉಪದೇಶಿ.

ಈ ಉಪದೇಶಿಯ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ, ಏಕೆಂದರೆ ಈ ಉಪನ್ಯಾಸ ಅವನಿಗಾಗಿಯೇ. ಹೆಚ್ಚೇನೂ ಓದಿದವನಲ್ಲ. ಮಿಷನ್ ಬೋರ್ಡಿಂಗಿನಲ್ಲಿ ನಾಲ್ಕಾರು ತರಗತಿ, ಬಳ್ಳಾರಿಯಲ್ಲಿ ಬೇರುಬಿಟ್ಟ ಕನ್ನಡ ಬೈಬಲ್ಲಿನ ಪರಿಚಯ, ಒಂದಿಷ್ಟು ಕೀರ್ತನೆ. ಹೆಂಡತಿಯೂ ಓದಬಲ್ಲವಳಾಗಿದ್ದರೆ ಅವಳು ಬೈಬಲ್ ಸ್ತ್ರೀ. ಇಬ್ಬರೂ ಕೇರಿಯಲ್ಲೇ ಬಾಡಿಗೆಯ ಅಥವಾ ಜನ ಕಟ್ಟಿಕೊಟ್ಟ ಮಣ್ಣಿನ ಮನೆಯಲ್ಲಿ ಇರಬೇಕು. ಹಗಲು ದುಡಿಮೆಗೆ ಹೋದ ಮಕ್ಕಳು ಸಂಜೆ ಬಂದ ಮೇಲೆ ಪಾಠ. ನಿಜಾಮರ ಆಡಳಿತದ ಭಾಷೆ ಮೊದಲು ಫಾರ್ಸಿ, ಆಮೇಲೆ ಉರ್ದು. ಊರಿನ ಶಾಲೆ ಇದ್ದರೂ ಕೇರಿಯ ಮಗುವಿಗೆ ಅದರ ಹೊಸಿಲು ದೂರ. ಅಂಥ ಕಾಲದಲ್ಲಿ ಮಾದಿಗರ, ಹೊಲೆಯರ ಕೇರಿಯ ಮಗು ಕನ್ನಡ ಅಕ್ಷರ ಕಂಡದ್ದು ಈ ಲಾಟೀನಿನ ಬೆಳಕಿನಲ್ಲಿ. ಹೈದರಾಬಾದ್ ಕರ್ನಾಟಕದಲ್ಲಿ ಕನ್ನಡ ಉಳಿಸಿದವರ ಹೆಸರುಗಳನ್ನು ಹೇಳುವಾಗ ನಾವು ಗ್ರಂಥಾಲಯ ಕಟ್ಟಿದವರನ್ನು, ಪಾಠಶಾಲೆ ತೆರೆದವರನ್ನು, ಏಕೀಕರಣಕ್ಕೆ ದುಡಿದವರನ್ನು ನೆನೆಯುತ್ತೇವೆ. ನೆನೆಯಬೇಕಾದ್ದೇ. ಆ ಸಾಲಿನಲ್ಲಿ ಉಪದೇಶಿಗೂ ಒಂದು ಜಾಗ ಬೇಕು.

ಅವನು ಜನರಿಗೆ ಅಪರಿಚಿತನಾಗಿ ಕಾಣಲಿಲ್ಲ. ಹಾಡುತ್ತ ಊರೂರು ಅಲೆಯುವವರನ್ನು ಈ ನಾಡು ಬಲ್ಲದು. ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇದೇ ಮಣ್ಣಿನವರು. ತತ್ವಪದ ಹಾಡುವ ಸಾಧುಗಳು ಇದ್ದರು, ದರ್ಗಾಗಳಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಿದ್ದರು, ಮೊಹರಮ್ಮಿನಲ್ಲಿ ಅಲಾಯಿ ಹಾಡು ಹೇಳುವವರಲ್ಲಿ ಹೆಚ್ಚಿನವರು ಹಿಂದೂಗಳು. ಸಂಜೆ ಕಟ್ಟೆಯ ಮೇಲೆ ತಾಳ ಹಿಡಿದು ಕೂತವನ ಸುತ್ತ ಜನ ಸೇರುವುದು ಇಲ್ಲಿನ ರೂಢಿ. ಉಪದೇಶಿ ಆ ರೂಢಿಯೊಳಕ್ಕೇ ಬಂದ.

ಕೇರಿಯ ಜನ ಏಕೆ ಸೇರಿದರು ಎಂಬ ಪ್ರಶ್ನೆಗೆ ಕೂಳಿಗಾಗಿ, ಹಣಕ್ಕಾಗಿ ಎಂಬ ಸುಲಭದ ಉತ್ತರ ಚಾಲ್ತಿಯಲ್ಲಿದೆ. ಬರದ ವರ್ಷಗಳಲ್ಲಿ ಗಂಜಿಗೂ ಜನ ಬಂದದ್ದು ನಿಜ. ಹಸಿದವನು ಗಂಜಿಗೆ ಬಂದರೆ ಅವಮಾನ ಅವನದಲ್ಲ, ಅವನನ್ನು ಹಸಿವಿಗೆ ಬಿಟ್ಟವರದು. ಆದರೆ ಗಂಜಿ ಮುಗಿದ ಮೇಲೆಯೂ ಸಭೆಗಳು ಉಳಿದವು. ಮುಂದೆ ಮೆಥಡಿಸ್ಟ್ ಬಿಷಪ್ ಆದ ಜೆ. ವಾಸ್ಕಮ್ ಪಿಕೆಟ್ 1933ರಲ್ಲಿ ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ ಪುಸ್ತಕ ಪ್ರಕಟಿಸಿದಾಗ, ಒಂಟಿ ವ್ಯಕ್ತಿಗಳಿಗಿಂತ ಇಡೀ ಬಂಧುಬಳಗ ಒಟ್ಟಾಗಿ ತೀರ್ಮಾನಿಸಿ ಸೇರುತ್ತಿದ್ದುದನ್ನು ಎತ್ತಿ ತೋರಿಸಿದರು. ನಮ್ಮ ಕೇರಿಗಳಲ್ಲೂ ಮದುವೆಯಿಂದ ಹಿಡಿದು ಗುಳೆ ಹೋಗುವವರೆಗೆ ಎಲ್ಲ ತೀರ್ಮಾನ ಹಿರಿಯರು ಕೂತು ಮಾಡುವಂಥದ್ದು. ಕುಲದವರೆಲ್ಲ ಕೂಡಿ ಹೋದರೆ ಕೊಡು–ಕೊಳ್ಳುವ ಸಂಬಂಧ ಮುರಿಯುವುದಿಲ್ಲ. ಸತ್ತ ದನ ಎಳೆಯುವ, ಬಿಟ್ಟಿ ಚಾಕರಿ ಮಾಡುವ ಕಟ್ಟಿನಿಂದ ಬಿಡಿಸಿಕೊಳ್ಳುವ ಹಂಬಲ, ತಮ್ಮ ಹೆಸರನ್ನು ತಾತ್ಸಾರವಿಲ್ಲದೆ ಒಂದು ಪುಸ್ತಕದಲ್ಲಿ ಬರೆಯುವವರು ಸಿಕ್ಕ ಸಮಾಧಾನ, ಮಕ್ಕಳ ಓದು, ಇವೆಲ್ಲ ಸೇರಿ ಜನ ನಡೆದರು. ನಂಬಿಕೆಯೂ ಇತ್ತು. ಬಡವರ ನಂಬಿಕೆಯನ್ನು ನಂಬಿಕೆಯೆಂದು ಒಪ್ಪಿಕೊಳ್ಳಲು ಹಿಂದೆಗೆಯುವ ವಿದ್ವತ್ತು ನನಗೆ ಬೇಡ.

ಸಭೆಗಳೊಳಗೂ ಜಾತಿ ಹೋಗಲಿಲ್ಲ ಎಂಬುದೂ ಸತ್ಯ. ಒಂದೇ ದೇವಾಲಯಕ್ಕೆ ಬರುವ ಎರಡು ಕೇರಿಯವರು ಹೆಣ್ಣು ಕೊಟ್ಟು ತರಲಿಲ್ಲ. ಪಾದ್ರಿ ಮತ್ತು ಉಪದೇಶಿಯ ನಡುವೆ ಸಂಬಳದಲ್ಲಿ, ಮನೆಯಲ್ಲಿ, ಕೂರುವ ಕುರ್ಚಿಯಲ್ಲಿ ಅಂತರ ದೊಡ್ಡದಿತ್ತು. ವರದಿಗೆ ಹೆಸರು ಬಿದ್ದದ್ದು ಪಾದ್ರಿಯದು.

ಹೆಂಗಸರ ಕೆಲಸಕ್ಕೆ ಬೇರೆಯೇ ಸಂಸ್ಥೆ ಇತ್ತು. 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥಡಿಸ್ಟ್ ಮಹಿಳೆಯರ ಸೊಸೈಟಿ ಅದೇ ವರ್ಷ ಇಸಬೆಲ್ಲಾ ಥೋಬರ್ನ್ ಎಂಬ ಶಿಕ್ಷಕಿಯನ್ನೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನೂ ಉತ್ತರ ಭಾರತಕ್ಕೆ ಕಳಿಸಿತ್ತು. ಕೋಲಾರದ ಆಸ್ಪತ್ರೆಯ ಹಿಂದೆ ಇದ್ದದ್ದೂ ಇದೇ ಸೊಸೈಟಿ. ಹೆಂಗಸರೇ ಹಣ ಕೂಡಿಸಿ, ಹೆಂಗಸರನ್ನೇ ಕಳಿಸಿ, ಹೆಂಗಸರಿಗಾಗಿ ನಡೆಸಿದ ಈ ಏರ್ಪಾಟು ಆ ಕಾಲಕ್ಕೆ ದೊಡ್ಡ ಮಾತು. ನಮ್ಮ ಹಳ್ಳಿಗಳಲ್ಲಿ ಅದರ ಕೊನೆಯ ಕೊಂಡಿ ಬೈಬಲ್ ಸ್ತ್ರೀ. ಗಂಡಸು ಪಾದ್ರಿ ಕಾಲಿಡದ ಒಳಮನೆಗೆ ಅವಳು ಹೋಗುತ್ತಿದ್ದಳು, ಓದು ಹೇಳುತ್ತಿದ್ದಳು, ಬಾಣಂತಿಯ ಜ್ವರ ಕಂಡರೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದಳು.

ಮುಂದಿನದನ್ನು ಬೇಗ ಹೇಳುತ್ತೇನೆ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಇಂಗ್ಲೆಂಡಿನ ಮೆಥಡಿಸ್ಟರು ಅದರಲ್ಲಿ ಸೇರಿದರು. ಗುಬ್ಬಿ ಸಿಎಸ್‌ಐ ಆಯಿತು. ನಿಜಾಮರದೇ ರಾಜ್ಯದ ತೆಲುಗು ಭಾಗದಲ್ಲಿ 1924ರಲ್ಲಿ ಪ್ರತಿಷ್ಠೆಯಾದ ಮೆದಕ್ ಕೆಥೆಡ್ರಲ್ ಕೂಡ. ಅಮೆರಿಕನ್ ಮೆಥಡಿಸ್ಟರು ಹೊರಗುಳಿದರು. 1981ರಲ್ಲಿ ಅವರದು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾಯಿತು. ಆದ್ದರಿಂದ ಇವತ್ತು ಹಳೆಯ ಮೈಸೂರಿನಲ್ಲಿ ಮೆಥಡಿಸ್ಟರ ಪರಂಪರೆ ಹೆಚ್ಚಾಗಿ ಸಿಎಸ್‌ಐ ಒಳಗಿದೆ, ನಮ್ಮಲ್ಲಿ ಸ್ವಂತ ಹೆಸರಿನಲ್ಲಿದೆ. ಮಿಷನ್ನುಗಳ ಹಳೆಯ ಸೀಮೆಗಳು ಇನ್ನೂ ಚರ್ಚುಗಳ ಫಲಕದ ಮೇಲೆ ಉಳಿದಿವೆ.

1950ರ ರಾಷ್ಟ್ರಪತಿ ಆದೇಶ ಇನ್ನೊಂದು ತಿರುವು. ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಅದು ಹಿಂದೂಗಳಿಗೆ ಸೀಮಿತಗೊಳಿಸಿತು. ಆಮೇಲೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ನಂಬಿಕೆಯೊಂದು, ದಾಖಲೆಯೊಂದು ಎಂಬ ಇಕ್ಕಟ್ಟಿಗೆ ಬಡ ಕುಟುಂಬಗಳು ಬಿದ್ದವು. ಹೀಗಾಗಿ ಜನಗಣತಿಯ ಅಂಕಿ ಹಿಡಿದು ದೋಆಬಿನ ಈ ಚರಿತ್ರೆಯನ್ನು ಅಳೆಯಲು ಹೊರಟರೆ ತಪ್ಪು ದಾರಿ ಹಿಡಿದಂತೆ. ಇನ್ನೊಂದು ಎಚ್ಚರವೂ ಬೇಕು. 1953ರ ನಂತರ ತುಂಗಭದ್ರೆಯ ನೀರು ಹರಿದು ಸಿಂಧನೂರು ಭತ್ತದ ಕಣಜವಾಯಿತು, ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಕ್ಯಾಂಪಿನ ತೆಲುಗು ಪ್ರಾರ್ಥನೆಗಳು ಬೇರೆ ಕಾಲದವು. ಹಳೆಯ ಕನ್ನಡ ಸಭೆಗಳ ಚರಿತ್ರೆಯನ್ನು ಅವುಗಳೊಡನೆ ಕಲಸಬಾರದು.

ಮಸ್ಕಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಸಭೆಗೆ ಸಮಾಧಾನವಾಗದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿನ ಬೆಟ್ಟದಲ್ಲಿ ಕಂಡ ಶಾಸನ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಅಶೋಕನ ಹೆಸರು ಹೇಳಿ ಉತ್ತರ ಕೊಟ್ಟಿತು ಎಂಬುದು ಎಲ್ಲರಿಗೂ ಗೊತ್ತು. ಅದೇ ಶಾಸನ ಹೇಳುವ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಓದುವುದಿಲ್ಲ: ಧರ್ಮದಿಂದ ಸಿಗುವ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಹೊರಗಿನಿಂದ ಒಬ್ಬ ಚಕ್ರವರ್ತಿ ಕಳಿಸಿದ ಧರ್ಮದ ಸುದ್ದಿಯನ್ನು ನಾವು ನಮ್ಮ ಹೆಮ್ಮೆಯೆಂದು ಕಾಪಾಡಿದ್ದೇವೆ. ಅದೇ ಮಾತನ್ನು ಇನ್ನೊಂದು ಹೆಸರಿನಲ್ಲಿ ಕೇರಿಗೆ ಒಯ್ದವರ ಗೋರಿಗಳಿಗೆ ಬೇಲಿಯೂ ಇಲ್ಲದಿರುವುದು ಸರಿಯಲ್ಲ.

ಅಮೆರಿಕನ್ ಮೆಥಡಿಸ್ಟರ ಕಡತಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ. ವೆಸ್ಲಿಯನ್ನರದು ಲಂಡನ್ನಿನ ಸೋಯಾಸ್ ಸಂಸ್ಥೆಯಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಒಳ್ಳೆಯ ಸಂಗ್ರಹವಿದೆ. ಅವು ಪಾದ್ರಿಗಳು ಬರೆದವು, ಇಂಗ್ಲಿಷಿನವು, ಭದ್ರವಾಗಿವೆ. ಭದ್ರವಿಲ್ಲದಿರುವುದು ಕನ್ನಡದ್ದು: ಸಭೆಗಳ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ರಿಜಿಸ್ಟರುಗಳು, ಉಪದೇಶಿಗಳ ದಿನಚರಿ, ಕೈಬರಹದ ಕೀರ್ತನೆ ಪುಸ್ತಕ, ಎಂಬತ್ತು ದಾಟಿದ ಅಜ್ಜಿಯರ ನೆನಪು, ಲಿಂಗಸುಗೂರು ಛಾವಣಿಯ ಹಳೆಯ ಗೋರಿಕಲ್ಲುಗಳ ಮೇಲಿನ ಬರಹ.

ಇಲ್ಲಿ ಇತಿಹಾಸ ಮತ್ತು ಕನ್ನಡ ಎಂ.ಎ. ಓದುತ್ತಿರುವ ವಿದ್ಯಾರ್ಥಿಗಳಿದ್ದೀರಿ. ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನಿಮ್ಮದೇ ತಾಲ್ಲೂಕಿನ ಒಂದು ಸಭೆಯನ್ನು ಆರಿಸಿಕೊಳ್ಳಿ. ಸಭಾಪಾಲಕರ ಅನುಮತಿ ಕೇಳಿ ರಿಜಿಸ್ಟರಿನ ಪುಟಗಳ ಫೋಟೋ ತೆಗೆಯಿರಿ. ಈಗ ಬದುಕಿರುವವರ ಖಾಸಗಿ ವಿವರವನ್ನು ಬಹಿರಂಗ ಮಾಡಬೇಡಿ. ಅಜ್ಜಿಯರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಸಭೆಗಳ ಹಿರಿಯರಲ್ಲಿ ನನ್ನ ಬೇಡಿಕೆ: ಹಳೆಯ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ, ಹೊಸ ಕಟ್ಟಡ ಕಟ್ಟುವಾಗ ಹಳೆಯ ಕಲ್ಲನ್ನು ಪಾಯಕ್ಕೆ ಹಾಕಬೇಡಿ. ಈ ವರ್ಷ ಒಂದು ರಿಜಿಸ್ಟರು ನಕಲಾದರೂ ಈ ಉಪನ್ಯಾಸದ ದತ್ತಿಯ ಹಣ ಸಾರ್ಥಕವಾದಂತೆ ಎಂದು ನಾನು ತಿಳಿಯುತ್ತೇನೆ.